ಮೂಲೆಯ ಅಕ್ಷರ

ರಾತ್ರಿ ಪಾಳಿ ಬಿಟ್ಟು ಹೊರಬಿದ್ದರೆ ಹಟ್ಟಿಯಲ್ಲಿ
ಬೆಳಕಿಗಿಂತ ಮೊದಲು ಮುಟ್ಟುವುದು
ಆರೋಗ್ಯಮೇರಿಯ ಒಲೆಯ ವಾಸನೆ.
ಅಡ್ಡ ಮಲಗಿಸಿದ ಎಣ್ಣೆ ಡ್ರಮ್ಮು, ಮೇಲೆ ಮೆತ್ತಿದ ಮಣ್ಣು,
ಕೆಳಗೆ ಬಳ್ಳಾರಿ ಜಾಲಿಯ ಕೆಂಡ.
ಅದರ ಬಾಯಿಂದ ತಗಡಿನ ಮೇಲೆ ಸಾಲಾಗಿ
ಬರುತ್ತವೆ ಪ್ಯಾಸ್ಟಿಗಳು,
ನಮ್ಮ ಕರ್ಚಿಕಾಯಿಗೆ ದೊಡ್ಡಪ್ಪನ ಮಕ್ಕಳು,
ಅಂಗೈ ಮೀರಿದ ಹೊಟ್ಟೆ,
ಅಂಚಿಗೆ ಹೆಣೆದ ಜಡೆ.

ಬೋರ್ಡು ಬರೆದ ರಾಜಾಭಕ್ಷಿ
ಕೈತಪ್ಪಿ 'ಪೇಸ್ಟ್ರಿ' ಎಂದು ಬರೆದಿದ್ದ.
ಮೊದಲ ವಾರ ಹುಡುಗರು ಬಂದು
ಕ್ರೀಮು ಎಲ್ಲಿ ಎಂದು ಕೇಳಿ
ಮೋರೆ ಸಣ್ಣದು ಮಾಡಿಕೊಂಡು ಹೋದರು.
ಒತ್ತಿನ ಮೇಲೆ ಸುಣ್ಣ ಬಳಿದಿದ್ದಾಳೆ.
ಮಳೆ ಬಿದ್ದರೆ ಮತ್ತೆ ಮೂಡುತ್ತದೆ.

ಕೋಲಾರದ ಗಣಿ ಮುಚ್ಚಿದ ಮೇಲೆ
ಗಂಡನ ಹಿಂದೆ ಬಂದವಳು,
ಎರಡು ಟ್ರಂಕು, ಒಂದು ಲಟ್ಟಣಿಗೆ.
ಅಜ್ಜಿ ಬಂಗಲೆಯ ಅಡುಗೆಯವಳು;
ದೊರೆಸಾನಿ ಬೈದು ಬೈದು ಕಲಿಸಿದ್ದನ್ನು
ಬೈಯದೆ ಮೊಮ್ಮಗಳಿಗೆ ದಾಟಿಸಿದಳಂತೆ.
'ಕಾರ್ನಿಷ್, ಕಾರ್ನಿಷ್' ಎನ್ನುತ್ತಾಳೆ. ಎಲ್ಲೋ ಕಡಲಂಚಿನ ಸೀಮೆ,
ಅಲ್ಲೂ ಜನ ನೆಲ ಕೊರೆದು ಹೊಟ್ಟೆ ಹೊರೆದರು.
'ಹೆಸರಿನ್ಯಾಗ ಖಾರ ಇದ್ದಂಗ ಕೇಳ್ತೈತಿ,
ತಿಂದ್ರ ಎಲ್ಲೈತಿ ಯಕ್ಕಾ?' ಎಂದ ಹುಲಿಗೆಪ್ಪ.
ಅಂದಿನಿಂದ ತಟ್ಟೆಯ ಅಂಚಿಗೆ
ಕೆಂಪು ಹಿಂಡಿ, ಬೆಲೆ ಇಲ್ಲದೆ.

ಆ ಸೀಮೆಯವರು ಜಡೆ ಹಿಡಿದು ತಿಂದು
ಜಡೆಯನ್ನೇ ಎಸೆಯುತ್ತಿದ್ದರಂತೆ,
ಬೆರಳ ವಿಷ ಬಾಯಿಗೆ ಹತ್ತೀತೆಂದು.
ನಾವು ಕೈ ತೊಳೆದು ಅದನ್ನೇ ಮೊದಲು ಮುರಿಯುತ್ತೇವೆ.
ಕಟಕ್ಕೆನ್ನುತ್ತದೆ.
ಆಮೇಲೆ ಹಬೆ, ಕಾಳುಮೆಣಸು,
ಕೈಮಾ ತನ್ನ ರಸ ಕುಡಿಸಿದ ಆಲೂಗಡ್ಡೆ,
ಲಿಂಗಸುಗೂರಿನ ಸಂತೆಯ ನವಿಲುಕೋಸು.
ಕನ್ನಡಕ ಮಂಜಾಗುತ್ತದೆ. ಒರೆಸುವುದಿಲ್ಲ,
ಕೈ ಬಿಡುವಿಲ್ಲ.

ಮಾಂಸದ್ದು ಬೇರೆ, ಬರಿ ಕಾಯಿಪಲ್ಯದ್ದು ಬೇರೆ,
ಹೊರಗಿನಿಂದ ಎರಡೂ ಒಂದೇ ಮೋರೆ.
ಅದಕ್ಕೇ ಮೂಲೆಯಲ್ಲಿ ಉಂಬುವವನ ಮೊದಲ ಅಕ್ಷರ.
ನಾನು ಪಂಜರ ಇಳಿಸಿ ಏರಿಸುವವನು;
ಮೂರು ಸಲ ಗಂಟೆ ಹೊಡೆದರೆ ಒಳಗೆ ಮನುಷ್ಯರು,
ಕಲ್ಲಲ್ಲ.
ಗುರುತು ತಪ್ಪಿದರೆ ಏನಾದೀತೆಂದು ನನಗೆ ಗೊತ್ತು.
ಅವಳಿಗೆ ಬರುತ್ತಿದ್ದುದು ತಮಿಳಿನ ಅಕ್ಷರ.
ಹಿಟ್ಟು ಹರಡಿದ ಮೇಜಿನ ಮೇಲೆ ಬೆರಳಲ್ಲಿ ತೋರಿಸಿದೆ:
ಹುಲಿಗೆಪ್ಪನ ಹ, ಯಂಕೋಬನ ಯ,
ವೀರಭದ್ರನ ವ, ಮೌನೇಶನ, ಅಂದರೆ ನನ್ನ, ಮ.
ನಮ್ಮ ಪಾಳಿಯಲ್ಲಿ ಇಲ್ಲದ ಅಕ್ಷರ
ಅವಳಿಗೆ ಇಂದಿಗೂ ಬಾರದು.

ಬೆಂಕಿಗೆ ಕಾಗುಣಿತ ತಿಳಿಯದು.
ಒಂದು ಮುಂಜಾನೆ ಹಿಟ್ಟುಬ್ಬಿ ಮ-ದ ಬಾಲ ಮುಚ್ಚಿಹೋಗಿ
ವ ಆಯಿತು. ನನ್ನದನ್ನು ವೀರಭದ್ರ ಎತ್ತಿಕೊಂಡ.
ಎಂದೂ ಕೈಮಾ ಮುಟ್ಟದವನು
ಅರ್ಧ ತಿಂದ ಮೇಲೆ ನಿಂತ. ಒಳಗೆ ಇಣುಕಿದ.
ಎದ್ದು ಹೋಗಿ ನಾಲ್ಕು ಸಲ ಬಾಯಿ ಮುಕ್ಕಳಿಸಿ
ಚಾ ಕುಡಿದು, ನನ್ನ ಕಡೆ ತಿರುಗಿ ಅಂದ:
'ನಿನ್ನ ಬಾಲ ಸ್ವಲ್ಪ ಗಟ್ಟಿ ಮಾಡಸಲೇ ಮೌನ್ಯಾ.'
ಮೇರಿ ಮೂರು ದಿನ ಅವನ ಬಳಿ ದುಡ್ಡು ಮುಟ್ಟಲಿಲ್ಲ.
ಈಗ ನನ್ನ ಮ-ಕ್ಕೆ ಮಂಗನ ಬಾಲ.

ತಗಡಿನ ಕೊನೆಗೆ ದಿನವೂ ಒಂದು ಚಿಕ್ಕದು,
ಉಳಿದ ಹಿಟ್ಟು, ಬೋಗುಣಿಯ ತಳ ಕೆರೆದ ಪಲ್ಯ,
ಅಕ್ಷರ ಇಲ್ಲದ್ದು. ಎಲ್ಲರೂ ಹೋದ ಮೇಲೆ
ನಿಂತೇ ತಿನ್ನುತ್ತಾಳೆ.
ಮೊನ್ನೆ ಅವಳು ನಲ್ಲಿಗೆ ಹೋದಾಗ
ಬೆಂಕಿಕಡ್ಡಿಯಿಂದ ಅದರ ಮೂಲೆಯಲ್ಲಿ
ಆ ಎಂದು ಗೀರಿ ಬಂದೆ.

ಬೆಂದು ಬಂದಾಗ ತಿರುವಿ ತಿರುವಿ ನೋಡಿದಳು.
'ಇದು ಯಾರ್ದು? ಈ ಅಕ್ಷರ ನೀನು ಹೇಳೇ ಕೊಟ್ಟಿಲ್ಲ.'
'ಹೊಸ ಗಿರಾಕಿ' ಎಂದೆ.
ತನ್ನದೆಲ್ಲಿ ಎಂದು ಹುಡುಕಲಿಲ್ಲ.
ಬಟ್ಟೆ ಮುಚ್ಚಿ, ಒಲೆಯ ಬದಿಗಿಟ್ಟು,
ಹತ್ತು ಗಂಟೆಯವರೆಗೂ ದಾರಿ ನೋಡಿದಳಂತೆ.
ನಾನು ಅಷ್ಟೊತ್ತಿಗೆ ಮನೆಯಲ್ಲಿ
ಹೊಟ್ಟೆ ತುಂಬಿ ನಿದ್ದೆಹೋಗಿದ್ದೆ.