ನಾಳೆ ಎಂಬ ಗುಂಡಿ

ಪರದೆಯ ಬಲಮೂಲೆಯಲ್ಲಿ ಮತ್ತದೇ ಚೀಟಿ:
ಹೊಸ ಆವೃತ್ತಿ ಬಂದಿದೆ. ಈಗಲೋ, ನಾಳೆಯೋ?
ಬೊಗುಮಿವಾ ನಾಳೆ ಎಂಬ ಗುಂಡಿ ಒತ್ತುತ್ತಾಳೆ
ತಲೆಯೆತ್ತದೆ, ಸೊಳ್ಳೆ ಓಡಿಸಿದ ಹಾಗೆ.
ಹದಿನಾಲ್ಕು ತಿಂಗಳಾಯಿತು.
ಬಾಗಿಲ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದರೆ
ದೆವ್ವ ಓದಿಕೊಂಡು ಹಿಂದಿರುಗುತ್ತದಂತಲ್ಲ,
ಆ ಪೈಕಿಯದೇ ಇದೂ: ಅಕ್ಷರಸ್ಥ, ವಿಧೇಯ,
ಮರುದಿನ ಒಂಬತ್ತಕ್ಕೆ ಸರಿಯಾಗಿ ಹಾಜರು.

ಪೋಲೆಂಡಿನ ಈ ಊರನ್ನು ಲೋಡ್ಜ್ ಎಂದು ಬರೆದು ವೂಚ್ ಎನ್ನುತ್ತಾರೆ.
ದೋಣಿ ಎಂದರ್ಥ. ಹೊಳೆಗಳು ಮಾತ್ರ ಎಂದೋ
ಗಿರಣಿಗಳ ಬುಡಕ್ಕೆ, ಕೊಳವೆಗಳೊಳಕ್ಕೆ ಇಳಿದುಹೋದವು.
ನವೆಂಬರ್. ನಾಲ್ಕಕ್ಕೇ ಕತ್ತಲು.
ಕೆಳಗೆ ಟ್ರಾಮು ತಿರುಗಿದಾಗೆಲ್ಲ
ಮೂರನೇ ಮಹಡಿಯಲ್ಲಿ ಚಹದ ಲೋಟ ನಡುಗುತ್ತದೆ.

ಅವಳು ಕತ್ತರಿಸುತ್ತಿರುವುದು ಮುಚ್ಚಿದ ಗಿರಣಿಯೊಂದರ ಚಿತ್ರ.
ಇನ್ನೂರ ಹತ್ತು ತಾಸು, ಎಂಬತ್ತು ನಿಮಿಷಕ್ಕೆ ಇಳಿಯಬೇಕು.
ಅದರಲ್ಲಿ ಗೆನೊವೇಫಾ,
ಮೂವತ್ತೊಂದು ವರ್ಷ ಮಗ್ಗದೆದುರು ನಿಂತವಳು,
ಕಿವಿ ಹೋಗಿ ತುಟಿ ಓದಲು ಕಲಿತವಳು,
ಓಡುವ ಮಗ್ಗದ ಪಕ್ಕದಲ್ಲೇ ಮಾತಾಡುತ್ತೇನೆಂದು ಹಟ ಹಿಡಿದಳು.
ಮ್ಯೂಸಿಯಮ್ಮಿನವರು ಒಂದನ್ನು ಓಡಿಸಿಕೊಟ್ಟರು.
ಗದ್ದಲವೋ ಗದ್ದಲ. ಮಾತು ಅದರೊಳಗೆ
ಅಕ್ಕಿಯೊಳಗಿನ ಬಿಳಿಕಲ್ಲು.

ಕಲ್ಲು ಆರಿಸಿಕೊಡಲು ಒಂದು ಪುಟ್ಟ ಸಲಕರಣೆಯಿದೆ.
ತೊರುನ್ ಊರಿನ ನಿವೃತ್ತ ರೇಡಿಯೋ ಎಂಜಿನಿಯರೊಬ್ಬ
ಊಟದ ಮೇಜಿನ ಮೇಲೆ ಬರೆದದ್ದು,
ನಲವತ್ತು ಝ್ವೋಟಿಗೆ ಮಾರಿದ್ದು.
ಈಗ ಆತನ ವಿಳಾಸದಿಂದ ಉತ್ತರವಿಲ್ಲ.
ಹೊಸ ಆವೃತ್ತಿಯೊಳಗೆ ಅದು ಉಸಿರಾಡುವುದಿಲ್ಲ.

ಪಕ್ಕದ ಕೋಣೆಯ ರೆಮಿಗ್ಯುಷ್ ಬಿಡುಗಡೆಯ ರಾತ್ರಿಯೇ ಏರಿಸಿಕೊಂಡ.
ಎರಡು ದಿನ ಅವನ ಜಾಹೀರಾತಿನ ಮದುಮಗಳು
ಸೌತೆಕಾಯಿಯ ಬಣ್ಣದಲ್ಲಿದ್ದಳು.
ಈಗ ಅವನದೇ ದರ್ಬಾರು:
“ನೀನು ಅರ್ಧ ದಿನ ಕಾಯುವುದು
ನನಗೊಂದು ಸಿಗರೇಟಿನ ಕೆಲಸ.”
ಸುಳ್ಳೇನಲ್ಲ. ಅವಳ ಯಂತ್ರ ನಿನ್ನೆ ಮೂರು ಸಲ ಕಣ್ಣು ಮುಚ್ಚಿತು.
ಹೊಸ ಕ್ಯಾಮೆರಾದ ತುಣುಕುಗಳನ್ನು
ಬರೀ ಕಪ್ಪು ಚೌಕವೆಂದು ತೋರಿಸಿತು.

ಕೆಲಸದ ನಡುವೆ ಬದಲಿಸಬಾರದು, ಕಲಿಸಿದವರ ಮಾತು.
ಸರಿ, ಎರಡು ಕೆಲಸಗಳ ನಡುವೆ? ಆ ನಡು ಎಲ್ಲಿದೆ?
ಇದು ಮುಗಿಯುವ ಮೊದಲೇ ಇನ್ನೊಂದು ಬಂದು ಕೂತಿರುತ್ತದೆ.
ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡದು.

ಹೆದರಿಕೆ ದುಡ್ಡಿನದಲ್ಲ. ಸಣ್ಣಕ್ಷರದ ಒಂದು ಸಾಲಿನದು:
ಹೊಸತರಲ್ಲಿ ತೆರೆದದ್ದು ಹಳತರಲ್ಲಿ ಮತ್ತೆ ತೆರೆಯದು.
ಅಜ್ಜಿಯ ಕಾಗದವನ್ನು ಮೊಮ್ಮಗಳು ಓದಿಯಾಳು,
ಉತ್ತರ ಬರೆದರೆ ಓದುವವರಾರು?

ಕೊನೆಗೆ ಒಂದು ಉಪಾಯ.
ಮಾತನ್ನು ಈಗಲೇ, ಹಳೆಯದರಲ್ಲೇ, ಸೋಸಿ ಇಟ್ಟುಬಿಡುವುದು.
ಪೂರ್ತಿ ಸೋಸಿದಳು.
ನಿಶ್ಶಬ್ದದಲ್ಲಿ ನಿಂತು ಅರಚುವ ಮುದುಕಿ
ತಲೆಕೆಟ್ಟವಳಂತೆ ಕಂಡಳು.
ಮಗ್ಗವನ್ನು ಚೂರುಚೂರೇ ವಾಪಸು ಬಿಟ್ಟಳು,
ಉಪ್ಪು ನೋಡುತ್ತ ಹಾಕಿದ ಹಾಗೆ.
ಅರಚುವುದಕ್ಕೆ ಕಾರಣ ಬಂತು. ಅಲ್ಲಿಗೆ ನಿಲ್ಲಿಸಿದಳು.
ಇನ್ನು ಇದು ಹೀಗೇ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಹಸಿರು ಪಟ್ಟಿ ತೆವಳುತ್ತಿರುವಾಗ ದನಿ ಇರುವುದಿಲ್ಲ, ಬರೀ ಚಿತ್ರ.
ಗೆನೊವೇಫಾಳ ತುಟಿ ಅಲುಗಿತು:
ಬಾಬಿನು ಖಾಲಿಯಾದದ್ದು ಕಿವಿಗಿಂತ ಮೊದಲು
ಅಂಗಾಲಿಗೆ ಗೊತ್ತಾಗುತ್ತಿತ್ತು.
ಒಂದು ಪದವೂ ತಪ್ಪಲಿಲ್ಲ.
ಈ ಓದು ತನಗೆ ಯಾವಾಗ ಬಂತೆಂದು
ಬೊಗುಮಿವಾಗೆ ತಿಳಿಯಲಿಲ್ಲ.

ಬೆಳಿಗ್ಗೆ ಒಂಬತ್ತು. ಚೀಟಿ.
ಮೊದಲ ಸಲ ತಲೆಯೆತ್ತಿ ಕೊನೆಯವರೆಗೆ ಓದಿದಳು.
ಶುಕ್ರವಾರ ಚಿತ್ರ ಒಪ್ಪಿಸಬೇಕು.
“ಸೋಮವಾರ,” ಎಂದಳು, ಗಟ್ಟಿಯಾಗಿ, ಗೋಡೆಯಾಚೆಯವನಿಗೂ ಕೇಳುವಂತೆ.

ಹುಡುಕಿದಳು. ಆ ಹೆಸರಿನ ಗುಂಡಿ ಇರಲಿಲ್ಲ.