ನಾಲ್ಕಕ್ಕ ಬರ್ರಿ

ಸ್ವಾರಗೇಟಿನ್ಯಾಗ ಇಳದಾಗ ಐದೂ ಕಾಲು.
ರಾತ್ರಿಯೆಲ್ಲ ಬಸ್ಸಿನ ಕಿಡಕಿಗೆ ಕೆನ್ನಿ ಒತ್ತಿ
ದಾಕ್ಷಾಯಣಿ ಮುಖದಾಗ ರಬ್ಬರ ಪಟ್ಟಿಯ ಗೆರಿ.
"ಅಕ್ಕ, ಎರಡು ದಿನ ಮಗ್ಗಿಲ್ಲ, ಒಲಿಯಿಲ್ಲ," ಅಂದಳು.
ಅಂದು, ಕಳ್ಳಿ ಹಂಗ ಹಿಂದ ತಿರುಗಿ ನೋಡಿದಳು.

ಮೊದಲು ಹೊಟ್ಟಿ.
ಮಿಸಳ ಅಂದರ ಮತ್ತೇನಲ್ಲ,
ನಮ್ಮ ಮಡಿಕಿಕಾಳಿನ ಪಲ್ಯ ಊರು ಬಿಟ್ಟು ಬಂದು
ಸಿಟ್ಟಿಗೆದ್ದದ್ದು.
ಮ್ಯಾಲ ಶೇವು, ಉಳ್ಳಾಗಡ್ಡಿ, ಕೆಂಪೆಣ್ಣಿ ತೇಲೋ ಕಟ್ಟು.
ಗ್ವಾಡಿ ಬೋರ್ಡು ಮೌನೇಶ ಓದಿ ಹೇಳಿದ:
"ಕಟ್ಟು ಎರಡು ಸಲ ಮಾತ್ರ.
ಕಣ್ಣೀರಿಗೆ ಮಾಲಕರು ಜವಾಬ್ದಾರರಲ್ಲ."
ನಾ ಮೂರನೇ ಸಲ ಕೇಳಿದೆ, ಕನ್ನಡದಾಗ.
ಬಡಸೋ ಹುಡುಗ ಬೋರ್ಡು ನೋಡಿದ, ನನ್ನ ನೋಡಿದ,
ಸುರುವಿದ.

ಶನಿವಾರವಾಡೆಯ ದೊಡ್ಡ ಬಾಗಿಲ ತುಂಬ ಮೊಳೆ,
ಆನಿ ಹಣಿ ಕೊಟ್ಟು ತಳ್ಳಬಾರದಂತ.
ಮಂದಿ ಮುಂದ ನಿಂತು ಫೋಟೋ ತಕ್ಕೊಳ್ಳಾಕ ಹತ್ತಿದ್ದರು,
ನಾ ಎಣಿಸಾಕ ಹತ್ತಿದೆ.
ಇಪ್ಪತ್ತು ವರ್ಷ ಡಾಬಿಯ ಮೊಳೆ ಎಣಿಸಿದ ಕಣ್ಣು,
ಸುಮ್ಮನಿರು ಅಂದರ ಇರತಾವೇನು?
ಯಾವುದು ಬಿದ್ದೈತಿ, ಯಾವುದು ಬಾಗೈತಿ...
ಅರವತ್ತರ ಹತ್ತಿರ ಕಾವಲುಗಾರ ಸರೀರಿ ಅಂದ, ಎಣಿಕಿ ತಪ್ಪಿತು.

ಒಳಗ ಮಾಳಿಗಿಯಿಲ್ಲ, ಕಂಬಿಲ್ಲ.
ಉರದುಹೋಗಿ ಎಷ್ಟೋ ಕಾಲ ಆತು.
ಕಲ್ಲಿನ ಕಟ್ಟಿ, ಒಣಾ ಹುಲ್ಲು, ನೀರಿಲ್ಲದ ಕಾರಂಜಿ.
"ಇದು ದರಬಾರು," ಅಂತ ಮೌನೇಶ ಕೈ ಚಾಚಿದ ಜಾಗದಾಗ
ಬೆಕ್ಕೊಂದು ಕಾಲೆತ್ತಿ ಮೈ ನೆಕ್ಕೋತಿತ್ತು.
ಖರೇನ ದರಬಾರು.

ಒಂದಕ್ಕ ಊರಿಗೆ ಊರು ಬಾಗಿಲು ಹಾಕ್ಕೊಂಡಿತು.
ಬಾಕರವಡಿ ಪಾಳೇದಾಗ ನಮಗಿಂತ ಮುಂದ ಒಬ್ಬಾಕಿ ಇದ್ದಳು,
ಆಕಿ ಮೂಗಿನ ಮುಂದನ ಶಟರು ಇಳೀತು.
"ನಾಲ್ಕಕ್ಕ ಬರ್ರಿ."
ಸಿಟ್ಟಿಲ್ಲ, ನಗಿಯಿಲ್ಲ, ಪಂಚಾಂಗ ಓದಿದ ದನಿ.
ವೈಶಾಖದ ಬಿಸಲಾಗ ನಮ್ಮನ್ನ ಬಿಟ್ಟು
ಇಡೀ ಪೇಟಿ ಉಂಡು ಮಲಗಿತು.
ನನಗ ಹೊಟ್ಟಿಕಿಚ್ಚಾತು.
ಮಧ್ಯಾಹ್ನ ಮಲಗೋ ನೇಕಾರನ್ನ ನಾ ನೋಡಿಲ್ಲ.

ಗೆಜ್ಜಿ ಕಟ್ಟಿದ ಗಾಣದಾಗ ಕಬ್ಬಿನ ಹಾಲು ಕುಡದ್ವಿ.
ಆಮ್ಯಾಲ ಮಸ್ತಾನಿ.
"ಹೆಣ್ಣಮಗಳ ಹೆಸರು ಕುಡಿಯೋದಾ?" ಅಂದಳು ದಾಕ್ಷಾಯಣಿ.
ಎತ್ತರದ ಗಾಜು, ಮಾವಿನ ರಸ, ಹಾಲು,
ಮ್ಯಾಲ ಐಸ್‌ಕ್ರೀಮಿನ ಗಡ್ಡಿ ಜಾರಾಕ ಹತ್ತಿತ್ತು.
ಕೊಳವಿ ಜಗ್ಗಿ ಜಗ್ಗಿ ಗಲ್ಲ ಒಳಗ ಹೋದವು,
ಮಾವು ಮ್ಯಾಲ ಬರಲಿಲ್ಲ.
ಚಮಚ ಕೊಟ್ಟರು.
ಆಕಿ ಕಡೀಕ ಬಟ್ಟಿನಲೇ ಗಾಜು ಬಳದಳು,
ಯಾರೂ ನೋಡಲಿಲ್ಲ, ನೋಡಿದರ ನೋಡಲಿ.

ನಾಲ್ಕಕ್ಕ ತುಳಶೀಬಾಗ.
ಬಟ್ಟಿನಷ್ಟು ಹಿತ್ತಾಳಿ ಒಲಿ, ಬಟ್ಟಿನಷ್ಟು ಒಳ್ಳು,
ಮೊಮ್ಮಗಳಿಗೆ ಒಂದು ಸಂಸಾರ ನೂರಾಎಂಬತ್ತಕ್ಕ.
ಅದರ ಬಾಜೂ ಅಂಗಡ್ಯಾಗ ಖಣ,
ಬಣ್ಣ ಬಣ್ಣದ ತ್ರಿಕೋನ ಮಡಿಕಿ.
ಒಂದು ತಕ್ಕೊಂಡು ಹೊಳ್ಳಿಸಿ ನೋಡಿದೆ.
ಬೆನ್ನಿನ ಗಂಟು ಗುರುತಾತು.
ಮುಂದ ಮೂರನೇ ಸಾಲಿನ್ಯಾಗ ಒಂದು ಚುಕ್ಕಿ ಇಲ್ಲ.
ಬನದ ಹುಣ್ಣಿವಿ ಮರುದಿನ ಡಾಬಿಯ ಮೊಳೆ ಮುರದು,
"ನಾಳೆ ತರತೀನಿ" ಅಂದವರು ಇನ್ನೂ ತಂದಿಲ್ಲ.

ಅಂಗಡಿ ಪರಚುರೆ ಕನ್ನಡಕ ಹಣಿಗೇರಿಸಿದ.
ಪೇಶವೆಗಳ ಕಾಲದ ನಮೂನಿಯಂತ.
ದೃಷ್ಟಿಯಾಗಬಾರದಂತ ಬೇಕಂತನ ಬಿಟ್ಟ ಚುಕ್ಕಿಯಂತ.
ಅದಕ್ಕ ಮೂವತ್ತು ಹೆಚ್ಚು.
ನಮಗ ಅರವತ್ತು ಕೊಟ್ಟದ್ದು
ಇಲ್ಲಿ ಇನ್ನೂರಾ ಎಪ್ಪತ್ತು.
ದಾಕ್ಷಾಯಣಿ ಬಾಯಿ ತೆಗೆದಳು,
ನಾ ತ್ವಾಳು ಚಿವುಟಿದೆ.
ಮಡಿಕಿ ಇದ್ದಂಗ ಮಡಚಿ ಇಟ್ಟೆ,
ಅವನಿಗಿಂತ ಚಂದ ಮಡಚಿದೆ.
"ಬಾಯಿ, ಕೈ ಪಳಗೈತಿ," ಅಂದ.
ಹೌದು, ಅಂದೆ.

ರಾತ್ರಿ ಬಸ್ಸಿನ್ಯಾಗ, ಬಾಕರವಡಿ ಎಣ್ಣಿ ಕಾಗದ ದಾಟಿ
ಸೀರಿಗಿಳಿಯೋ ಹೊತ್ತಿಗೆ, ಅವರ ಫೋನು.
"ಮೊಳೆ ತಂದೀನಿ. ಬೆಳಿಗ್ಗೆ ಬಡೀತೀನಿ."
"ಬಡೀಬ್ಯಾಡ್ರಿ."
"ಆಂ? ಯಾಕ?"
ಕಾತ್ರಜದ ಸುರಂಗ ಬಂತು.
ಚೀಲದಾಗ ಬಟ್ಟಿನಷ್ಟು ಒಳ್ಳಿಗೆ ಬಟ್ಟಿನಷ್ಟು ಒಣಕಿ
ಬಡಕೋತ ಇತ್ತು.