ಮೂರು ಲೋಟ, ಒಂದು ಮಾತು

ಹೊರಗೆ ಮೈನಸ್ ಐವತ್ತೊಂದು.
ಯಾಕುತ್ಸ್ಕಿನ ಬೀದಿಯಲ್ಲಿ ಬಿಟ್ಟ ಉಸಿರು ಬಿಟ್ಟಲ್ಲೇ ನಿಂತು
ಬಸ್ಸು ಕಾಣದು, ಬಸ್ಸಿನ ಕೆಮ್ಮಷ್ಟೇ ಕೇಳುವುದು.
ಹಾಲನ್ನು ಬಿಲ್ಲೆ ಮಾಡಿ ಪೇರಿಸಿ ಮಾರುವ ಊರು;
ನಾಯಿಗೆ ದಿನಕ್ಕೆ ಐದು ನಿಮಿಷದ ಆಕಾಶ,
ಅದೂ ಕಾಲಿಗೆ ಬಟ್ಟೆ ಸುತ್ತಿಕೊಂಡು.

ಮೊಯ್ತುರುಕ್ ಅದರ ಹೆಸರು,
ಕೊರಳ ಸುತ್ತ ಬಿಳಿ ಪಟ್ಟಿ ಇದೆಯೆಂದು.
ಕಾಡಿನಲ್ಲಿ ಅಳಿಲಿನ ಬೆನ್ನು ಹತ್ತುತ್ತಿದ್ದದ್ದು
ಎರಡು ಬೆರಳನ್ನು ಬೋನಿಗೆ ಕೊಟ್ಟು
ಮೂರನೇ ಮಹಡಿಗೆ ಬಂತು, ಅಕುಲಿನಾಳ ಪಾಲಿಗೆ.

ಮೊದಲ ವಾರ ಸೋಫಾದ ಹೊಟ್ಟೆ ಬಗೆಯಿತು.
ಎರಡನೇ ವಾರ ಒಂದು ಕೈಗವಸು, ಬಾಗಿಲ ಚೌಕಟ್ಟಿನ ಮೂಲೆ,
ಬೇಕರಿಯವರು ಕೊಟ್ಟ ರಜೆ ಚೀಟಿ.
ರಾತ್ರಿ ಪಾಳಿ ಮುಗಿಸಿ ಬಂದವಳು
ಹಾರುವ ಹತ್ತಿಯ ನಡುವೆ ಕೋಟು ಬಿಚ್ಚದೆ ಕೂತು
‘ಕಾಲು ಓಡಿಸಲಾರೆ, ತಲೆ ಓಡಿಸುತ್ತೇನೆ ಬಾ’ ಅಂದಳು.

ಎದುರು ಮನೆಯ ಜುಲುಸ್ತಾನ್‌ಗೆ ಒಂಬತ್ತು ವರ್ಷ.
ಚಳಿಗೆ ಶಾಲೆ ಮುಚ್ಚಿತ್ತು.
ಮಾತು ತಡೆಯುವ ಹುಡುಗ.
ಅವನು ಶುರು ಮಾಡಿದ ವಾಕ್ಯವನ್ನು
ಟೀಚರು, ಅಂಗಡಿಯವಳು, ಸ್ವಂತ ಅಕ್ಕ
ಯಾರಾದರೂ ಮುಗಿಸಿಕೊಟ್ಟು ಮುಂದೆ ಹೋಗುತ್ತಿದ್ದರು,
ಬಿದ್ದ ಟೋಪಿ ಎತ್ತಿಕೊಟ್ಟ ಹಾಗೆ.

ಮೂರು ತಗಡಿನ ಲೋಟ ಮಗುಚಿ
ಒಂದರಡಿ ಒಣಮೀನಿನ ಚೂರು.
ಸರ್ರ್, ಸರ್ರ್, ಅದಲುಬದಲು.
ನಾಯಿ ಲೋಟ ನೋಡಲೇ ಇಲ್ಲ;
ಹುಡುಗನ ಕಣ್ಣು ಎತ್ತ ಹೊರಳಿತೋ ಅತ್ತ ಮೂಗಿಟ್ಟಿತು.
‘ಕ-ಕಳ್ಳ!’ ಅಂದ.
ಮರುದಿನ ಕಣ್ಣಿಗೆ ಶಾಲು ಕಟ್ಟಿಕೊಂಡು ಆಡಿದ,
ಮೀನು ತನಗೇ ಸಿಗಲಿಲ್ಲ.

ಟವೆಲಿನ ಸುರುಳಿಯಲ್ಲಿ ರೊಟ್ಟಿಚೂರು,
ಪಾತ್ರೆಯ ಗುಳಿಗುಳಿಗೂ ಹಳೇ ಟೆನಿಸ್ ಚೆಂಡು,
ಚೆಂಡಿನ ಕೆಳಗೆ ಏನೋ, ಏನೂ ಇಲ್ಲದೆಯೂ.
ಉಣ್ಣೆಬೂಟು ತಾ ಅಂದರೆ ಬೂಟು ಬಂತು.
ಚಮಚ ತಾ ಅಂದರೂ ಬೂಟೇ ಬಂತು, ನಾಲ್ಕು ದಿನ.
ಉರುಳು ಅಂದರೆ ಮಾತ್ರ
ಭುಜದ ನೋವು ನೆನಪಾಗಿ ಮುಖ ತಿರುಗಿಸಿತು;
ಆ ಪಾಠ ಬಿಟ್ಟರು.

ಕಷ್ಟದ್ದು ಯಾವುದೆಂದರೆ, ಏನೂ ಮಾಡದೆ ಇರುವುದು.
ಮೂಗಿನ ಮುಂದೆ ಮೀನು, ನಡುವೆ ಒಂದು ಗೇಣು.
ಜೊಲ್ಲು ನೂಲಾಗಿ ಇಳಿದು ನೆಲ ಮುಟ್ಟುವವರೆಗೂ
ಕೂತಿರಬೇಕು, ‘ಚೆ’ ಅನ್ನುವ ತನಕ.
ಅದು ನಮ್ಮ ‘ಛೆ’ ಅಲ್ಲ.
ಆ ಜನರ ಮಾತಿನಲ್ಲಿ ಅದು: ಆಯ್ತು, ಹೊರಡು.
ಬೇಸರಕ್ಕೂ ಬಿಡುಗಡೆಗೂ ನಡುವೆ
ಒಂದು ಉಸಿರಿನ ವ್ಯತ್ಯಾಸ, ಅಷ್ಟೆ.

ಹುಡುಗನ ‘ಚೆ’ ಸುಲಭವಾಗಿ ಬರುತ್ತಿರಲಿಲ್ಲ.
ಹಲ್ಲಿಗೆ ಸಿಕ್ಕು, ನಾಲಿಗೆಗೆ ಸಿಕ್ಕು, ಮೂರು ಸಲ ಹಿಂದೆ ಹೋಗಿ
ಕಿವಿಯೆಲ್ಲ ಕೆಂಪಾದ ಮೇಲೆ ಬರುತ್ತಿತ್ತು.
ನಾಯಿ ಅವನ ಬಾಯಿ ನೋಡುತ್ತ ಕೂತಿತು.
ಅರ್ಧ ಮಾತಿಗೆ ಎದ್ದು ಓಡಲಿಲ್ಲ.
ಜನವರಿ ಹೀಗೆ ಕಳೆಯಿತು. ಫೆಬ್ರವರಿಯೂ.
ಸೋಫಾಕ್ಕೆ ಅಕುಲಿನಾ ಹಿಟ್ಟಿನ ಚೀಲ ಹೊಲಿದು ತೇಪೆ ಹಾಕಿದಳು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಬರೀ ಮೈನಸ್ ಹದಿನೆಂಟು.
ಟೋಪಿಯಿಲ್ಲದ ಗಂಡಸರು ಬೀದಿಯಲ್ಲಿ ನಗುತ್ತಿದ್ದರು.
ಬಾಗಿಲು ತೆರೆಯಿತು.
ಮೆಟ್ಟಿಲ ಕೆಳಗಿನಿಂದ ಹಿಮದ ವಾಸನೆ, ಗಾಳಿ, ಯಾವುದೋ ಬೆಕ್ಕು,
ಹಿಂಗಾಲಲ್ಲಿ ಇಡೀ ಕಾಡು ನಡುಗುತ್ತಿದೆ,
ಬಾಲ ನೆಲ ಗುಡಿಸುತ್ತಿದೆ,
ನಾಯಿ ಹೊಸ್ತಿಲಲ್ಲೇ ಕೂತಿದೆ.

‘ಚ್...’ ಅಂದ ಹುಡುಗ.
‘ಚ್... ಚ್...’
ಮಾತು ಅಕುಲಿನಾಳಿಗೆ ಗೊತ್ತಿತ್ತು.
ಮುಷ್ಟಿಯಲ್ಲೇ ಇದ್ದ ಬೀಗದ ಕೈಯನ್ನು
ಜೇಬಿನಲ್ಲಿ ಹುಡುಕತೊಡಗಿದಳು.
ಮೇಲಿನಿಂದ ಬಕೆಟ್ ಹಿಡಿದು ಇಳಿಯುತ್ತಿದ್ದ ಮುದುಕ
ಕೈಕಂಬಿ ಹಿಡಿದು ನಿಂತ.
ಯಾರೂ ಸಹಾಯ ಮಾಡಲಿಲ್ಲ.

‘ಚೆ.’

ಮೆಟ್ಟಿಲ ಮೇಲೆ ಹದಿನಾರು ಉಗುರು,
ಅದರ ಹಿಂದೆ ಲೇಸು ಬಿಚ್ಚಿದ ಬೂಟು, ದಡದಡ.
ಬಾಗಿಲು ಹಾಕಲು ಮರೆತು ಅವಳೂ ಇಳಿದಳು.
ಒಳಗೆ ಮೂರು ಲೋಟ ಮಗುಚಿದಂತೆಯೇ ಇವೆ.
ಒಂದರಡಿ ಮೀನಿದೆ.